ನಾಲ್ಕು ಬಾಗಿಲಿನ ವ್ಯಾಲಿಯಂಟ್

ಡೆಟ್ರಾಯಿಟ್ ಸುತ್ತಮುತ್ತ ಹಳೆ ಕಾರಿನ ಹುಚ್ಚಿರುವ ಯಾರ ಹತ್ತಿರವಾದರೂ "ಒಂದು ಕಾರು ತಗೊಂಡೆ" ಅಂತ ಹೇಳಿ ನೋಡಿ. ಮೊದಲು ಯಾವ ವರ್ಷದ್ದು ಅಂತ ಕೇಳುತ್ತಾರೆ, ಆಮೇಲೆ ಬಾಗಿಲು ಎಷ್ಟು ಅಂತ. ಎರಡು ಅಂದರೆ ಕುರ್ಚಿ ಹತ್ತಿರ ಎಳೆದುಕೊಂಡು ಕೂರುತ್ತಾರೆ. ನಾಲ್ಕು ಅಂದರೆ ಮಾತು ಅಲ್ಲಿಗೇ ತಣ್ಣಗಾಗುತ್ತದೆ. ನಾನು ಕೊಂಡದ್ದು 1964ರ ಪ್ಲಿಮತ್ ವ್ಯಾಲಿಯಂಟ್ ವಿ-100. ನಾಲ್ಕು ಬಾಗಿಲು, ಆರು ಸಿಲಿಂಡರು, ಎಸಿ ಇಲ್ಲ, ಪವರ್ ಸ್ಟೀರಿಂಗ್ ಇಲ್ಲ. ಅದನ್ನು ಯಾಕೆ ಕೊಂಡೆ, ಹೇಗೆ ಹುಡುಕಿದೆ, ಮನೆಗೆ ತಂದ ಮೇಲೆ ಏನೇನು ಮಾಡಬೇಕಾಯಿತು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ಮಿಶಿಗನ್ನಿನಲ್ಲಿರುವ ನಮ್ಮ ಜನರಲ್ಲಿ ಈ ಆಸೆಯನ್ನು ಮನಸ್ಸಿನಲ್ಲೇ ಇಟ್ಟುಕೊಂಡವರು ಇದ್ದಾರೆ, ಅವರಿಗೆ ಉಪಯೋಗವಾದೀತು.

ನನ್ನ ಊರು ಕೊಪ್ಪದ ಕಡೆ. ನಾನು ಚಿಕ್ಕವನಿದ್ದಾಗ ತೋಟದ ಮನೆಗಳ ಶೆಡ್ಡಿನಲ್ಲಿ ಹಳೆಯ ಡಾಡ್ಜ್, ಪ್ಲಿಮತ್ ಕಾರುಗಳು ಅಡಿಕೆ ಮೂಟೆಗಳ ನಡುವೆ ನಿಂತಿರುತ್ತಿದ್ದವು. ಘಾಟಿ ಹತ್ತುವ ಲಾರಿಗಳ ಮೂತಿಯ ಮೇಲೆ ಫಾರ್ಗೋ ಅಂತ ಬರೆದಿರುತ್ತಿತ್ತು. ಇವೆಲ್ಲ ಕ್ರೈಸ್ಲರ್ ಕಂಪನಿಯ ಕುಟುಂಬಕ್ಕೆ ಸೇರಿದವು ಎಂದು ಗೊತ್ತಾಗಿದ್ದು ಇಲ್ಲಿಗೆ ಕೆಲಸಕ್ಕೆ ಬಂದ ಮೇಲೆ. ಈ ನಂಟಿನ ಹಿಂದೆ ನಮ್ಮ ವಿಶ್ವೇಶ್ವರಯ್ಯನವರೂ ಇದ್ದಾರೆ. ಭಾರತದಲ್ಲೇ ಕಾರು ತಯಾರಾಗಬೇಕು ಎಂದು 1930ರ ದಶಕದಲ್ಲಿ ಅವರು ಯೋಜನೆ ಸಿದ್ಧಪಡಿಸಿ, ಯುರೋಪು, ಅಮೆರಿಕಗಳ ಕಾರ್ಖಾನೆಗಳನ್ನು ಸುತ್ತಿ ನೋಡಿ ಹೋಗಿದ್ದರು. ವಾಲ್‌ಚಂದ್ ಹೀರಾಚಂದ್ ಅವರು ಅದನ್ನು ಕೈಗೆತ್ತಿಕೊಂಡರು. ಮೈಸೂರು ಸಂಸ್ಥಾನದಲ್ಲಿ ಆಗಬಹುದಾಗಿದ್ದ ಕಾರ್ಖಾನೆಗೆ ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ಕಡೆಗೆ 1944ರಲ್ಲಿ ಬೊಂಬಾಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಹುಟ್ಟಿತು, ಅದರ ಕುರ್ಲಾ ಕಾರ್ಖಾನೆಯಲ್ಲಿ ಡಾಡ್ಜ್, ಪ್ಲಿಮತ್, ಡಿಸೋಟೊಗಳು ಜೋಡಣೆಯಾದವು. ಹಾಗಾಗಿ ನನಗೆ ಬೇಕಿದ್ದದ್ದು ಕ್ರೈಸ್ಲರ್ ಮನೆತನದ ಕಾರೇ. ಅದೂ ಸಾಮಾನ್ಯ ಸಂಸಾರಸ್ಥರು ಓಡಿಸಿದ್ದು, ಕಾರ್ಖಾನೆಯಿಂದ ಬಂದ ಹಾಗೇ ಇರುವುದು.

ಪುತ್ತೂರಿನ ಗೆಳೆಯನೊಬ್ಬ ಇಲ್ಲೇ ಹತ್ತಿರದ ಊರಿನಲ್ಲಿದ್ದಾನೆ. ಅವನ ಹತ್ತಿರ 1969ರ ಶೆವ್ರೊಲೆ ಕಮಾರೊ ಇದೆ. ಮೈ ಮಾತ್ರ 1969ರದ್ದು. ಒಳಗಿರುವುದು ಇತ್ತೀಚಿನ ಎಲ್‌ಎಸ್3 ಎಂಜಿನ್ನು, 430 ಅಶ್ವಶಕ್ತಿ, ಆರು ಗೇರು, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕು. ಇಂಥದ್ದನ್ನು ಇಲ್ಲಿ ರೆಸ್ಟೋಮಾಡ್ ಅನ್ನುತ್ತಾರೆ. ನನ್ನ ಆಸೆ ಕೇಳಿದಾಗ ಅವನು, "ಎಂತ ಮಾರಾಯ, ಇಷ್ಟು ದುಡ್ಡು ಹಾಕಿ ಟ್ಯಾಕ್ಸಿ ತಗೊಳ್ತೀಯಾ? ಅದರಲ್ಲಿ ಹೈವೇಗೆ ಹೋಗ್ಲಿಕ್ಕಾದ್ರೂ ಆಗ್ತದಾ?" ಅಂದ.

"ಹೈವೇಗೆ ಹೋಗಲು ನನ್ನ ಹತ್ತಿರ ಬೇರೆ ಕಾರಿದೆಯಲ್ಲ ಮಾರಾಯ," ಅಂದೆ. "ಇದು ಆ ಕಾಲದಲ್ಲಿ ಹೇಗಿತ್ತೋ ಹಾಗೆ ಓಡುವುದು ನೋಡಬೇಕು ನನಗೆ."

"ಆ ಕಾಲದಲ್ಲಿ ಚೆನ್ನಾಗಿ ಓಡ್ತಾ ಇರ್ಲಿಲ್ಲ ಅಂತ ತಾನೇ ಹೊಸದು ಮಾಡಿದ್ದು?"

ಈ ಜಗಳ ಇನ್ನೂ ಮುಗಿದಿಲ್ಲ. ಆದರೆ ಅವನ ಕಾರನ್ನು ನಾನು ಹಗುರಾಗಿ ಕಾಣುವುದಿಲ್ಲ. ಅವನಿಗೆ ಅದು ಸಿಕ್ಕಿದಾಗ ಎಂಜಿನ್ನೂ ಇರಲಿಲ್ಲ, ಗೇರ್‌ಬಾಕ್ಸೂ ಇರಲಿಲ್ಲ. ಇಂಥ ಕಾರಿಗೆ ಹೊಸ ಎಂಜಿನ್ನು ಹಾಕಿದರೆ ಯಾರಿಗೂ ನಷ್ಟವಿಲ್ಲ, ರಸ್ತೆಗೆ ಒಂದು ಕಾರು ವಾಪಸ್ ಬಂದ ಹಾಗಾಯಿತು. ನಾನು ಒಪ್ಪದೇ ಇರುವುದು ಮೂಲ ಎಂಜಿನ್ನು, ಮೂಲ ಬಣ್ಣ ಎಲ್ಲ ಉಳಿದಿರುವ ಕಾರನ್ನು ಕತ್ತರಿಸುವುದನ್ನು.

ಈ ಲೋಕದಲ್ಲಿ ಒಬ್ಬೊಬ್ಬರದ್ದು ಒಂದೊಂದು ರುಚಿ. ಹೆನ್ರಿ ಫೋರ್ಡನ ಮಾಡೆಲ್ ಟಿ, ಮಾಡೆಲ್ ಎ ಬಿಟ್ಟರೆ ಉಳಿದದ್ದೆಲ್ಲ "ಹೊಸ ಕಾರು" ಅನ್ನುವ ಹಿರಿಯರಿದ್ದಾರೆ. 1959ರ ಕ್ಯಾಡಿಲಾಕ್‌ನ ಬಾಲದ ರೆಕ್ಕೆಗಳಿಗೆ ಸೋತವರಿದ್ದಾರೆ. ಮಸಲ್ ಕಾರಿನವರಿಗೆ ದೊಡ್ಡ ವಿ8 ಗುಡುಗದೆ ಇದ್ದರೆ ಅದು ಕಾರೇ ಅಲ್ಲ. ಕಂಪನಿಯೇ ಮುಚ್ಚಿಹೋದ ಹಡ್ಸನ್, ಪ್ಯಾಕರ್ಡ್, ಸ್ಟೂಡಿಬೇಕರ್, ನ್ಯಾಶ್‌ಗಳನ್ನು ಇಲ್ಲಿ ಅನಾಥ ಕಾರುಗಳು ಅಂತಲೇ ಕರೆಯುತ್ತಾರೆ. ಅವನ್ನು ಸಾಕುವವರ ಪ್ರೀತಿ ನೋಡಬೇಕಾದರೆ ಯಿಪ್ಸಿಲಾಂಟಿಯ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು, ಅದು ಹಿಂದೆ ಹಡ್ಸನ್ ಮಾರುತ್ತಿದ್ದ ಅಂಗಡಿಯ ಕಟ್ಟಡದಲ್ಲೇ ಇದೆ. ಇನ್ನು ಎಎಸಿಎ (ಆಂಟಿಕ್ ಆಟೊಮೊಬೈಲ್ ಕ್ಲಬ್ ಆಫ್ ಅಮೆರಿಕ) ಅನ್ನುವ ಹಳೆ ಕಾರಿನವರ ಸಂಘ 1935ರಿಂದ ಇದೆ. ಅದರ ತೀರ್ಪುಗಾರರು 400 ಅಂಕ ಇಟ್ಟುಕೊಂಡು, ಕಾರ್ಖಾನೆಯಿಂದ ಬಂದಾಗ ಇದ್ದುದಕ್ಕಿಂತ ಬೇರೆಯಾಗಿ ಕಂಡದ್ದಕ್ಕೆಲ್ಲ ಅಂಕ ಕಳೆಯುತ್ತಾ ಹೋಗುತ್ತಾರೆ. ಅದೇ ಸಂಘದಲ್ಲಿ ಎಚ್‌ಪಿಒಎಫ್ ಎಂಬ ಇನ್ನೊಂದು ವಿಭಾಗವೂ ಇದೆ. ಅಲ್ಲಿ ಹೊಸದಾಗಿ ಮಾಡಿಸಿದ ಹೊಳಪಿಗೆ ಬೆಲೆಯಿಲ್ಲ. ಮಾಸಿದ ಬಣ್ಣ, ಸವೆದ ಸೀಟು, ಹುಟ್ಟಿನಿಂದ ಬಂದದ್ದು ಎಷ್ಟು ಉಳಿದಿದೆ ಅನ್ನುವುದೇ ಲೆಕ್ಕ. ನನ್ನ ಮನಸ್ಸು ನೆಟ್ಟಿದ್ದು ಇಲ್ಲಿ.

ಹುಡುಕಾಟ ಮಿಶಿಗನ್ನಿನಲ್ಲೇ ಶುರುವಾಯಿತು. ಡೆಟ್ರಾಯಿಟ್ ನಗರದ ಅಡಿಯಲ್ಲಿ, ಸಾವಿರ ಅಡಿಗೂ ಕೆಳಗೆ, ದೊಡ್ಡ ಉಪ್ಪಿನ ಗಣಿಯಿದೆ. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪು ಅಲ್ಲಿಂದ ಮೇಲೆ ಬರುತ್ತದೆ. ಕಾರು ಕಟ್ಟಿದ ಊರಿನ ಬುಡದಲ್ಲೇ ಕಾರು ತಿನ್ನುವ ವಸ್ತು. ಇಲ್ಲಿ ಓಡಿದ ಹಳೆಯ ಕಾರು ಮೇಲಿನಿಂದ ಎಷ್ಟೇ ಚೆಂದ ಕಂಡರೂ ನಂಬಬಾರದು. ಜೇಬಿನಲ್ಲಿ ಒಂದು ಸಣ್ಣ ಆಯಸ್ಕಾಂತ ಇಟ್ಟುಕೊಳ್ಳಿ, ಬಟ್ಟೆ ಸುತ್ತಿ ಬಾಗಿಲ ಕೆಳಭಾಗಕ್ಕೆ, ಹಿಂದಿನ ಚಕ್ರದ ಮೇಲ್ಗಡೆ ಹಿಡಿಯಿರಿ. ಅಂಟದೆ ಜಾರಿದರೆ ಅಲ್ಲಿ ತಗಡು ಹೋಗಿದೆ, ಪುಟ್ಟಿ ಮೆತ್ತಿದ್ದಾರೆ ಎಂದು ಅರ್ಥ. ನಾನು ನೋಡಿದ ಒಂದು ವ್ಯಾಲಿಯಂಟ್‌ನ ಹೊಸ ಕೆಂಪು ಬಣ್ಣ ಕಣ್ಣು ಕೋರೈಸುತ್ತಿತ್ತು. ಕೆಳಗೆ ಮಲಗಿ ಟಾರ್ಚು ಬಿಟ್ಟು ನೋಡಿದರೆ ಟಾರ್ಷನ್ ಬಾರ್ ಹಿಡಿದುಕೊಳ್ಳುವ ಅಡ್ಡಪಟ್ಟಿ ಬೆರಳು ಒತ್ತಿದಲ್ಲೆಲ್ಲ ಉದುರುತ್ತಿತ್ತು.

ಕ್ರೈಸ್ಲರ್ ಕಾರು ನೋಡುವವರು ಇದನ್ನು ಮರೆಯಬಾರದು. ಈ ಕಾರುಗಳ ಮುಂಭಾಗಕ್ಕೆ ಸುರುಳಿ ಸ್ಪ್ರಿಂಗ್ ಇಲ್ಲ. ಟಾರ್ಷನ್ ಬಾರ್ ಎಂಬ ಉದ್ದದ ಉಕ್ಕಿನ ಸರಳು ತಿರುಚಿಕೊಂಡು ಭಾರ ಹೊರುತ್ತದೆ. ಆ ಸರಳಿನ ಹಿಂದಿನ ತುದಿ ಮುಂದಿನ ಸೀಟಿನ ಕೆಳಗಿನ ಅಡ್ಡಪಟ್ಟಿಯಲ್ಲಿ ಕೂತಿರುತ್ತದೆ. ಆ ಪಟ್ಟಿಗೆ ತುಕ್ಕು ಹಿಡಿದರೆ ಕಾರಿನ ಬೆನ್ನೆಲುಬೇ ಹೋದ ಹಾಗೆ. ಎರಡನೆಯದಾಗಿ, ಮುಂದಿನ ಗಾಜಿನ ಬುಡದಲ್ಲಿರುವ ಗಾಳಿಕಿಂಡಿ ನೋಡಿ. ಎಲೆ, ಕಸ ಅಲ್ಲಿ ಸೇರಿ ನೀರು ನಿಂತು, ಒಳಗಿನಿಂದ ತೂತಾಗಿ, ಕಾಲಿಡುವ ಜಾಗಕ್ಕೆ ಸೋರುತ್ತದೆ. ನೆಲದ ಕಾರ್ಪೆಟ್ ಎತ್ತಿ ನೋಡಲು ಬಿಡದ ಮಾಲೀಕನಿಂದ ಕಾರು ಕೊಳ್ಳಬೇಡಿ.

ಹಾಗಾಗಿ ಒಣ ಸೀಮೆಯ ಕಡೆ ಕಣ್ಣು ಹಾಯಿಸಿದೆ. ನ್ಯೂ ಮೆಕ್ಸಿಕೊದ ಉತ್ತರ ಭಾಗದಲ್ಲಿ, ಸಾಂಟಾ ಫೇ ಊರಿನಿಂದ ಸ್ವಲ್ಪ ದೂರದಲ್ಲಿ ಒಂದು ವ್ಯಾಲಿಯಂಟ್ ಇದೆ ಎಂದು ತಿಳಿಯಿತು. ಮೊದಲ ಮಾಲೀಕರು ಶಾಲಾ ಶಿಕ್ಷಕಿ. ಅವರು ತೀರಿಕೊಂಡ ಮೇಲೆ ಮಗ ಮಾರುತ್ತಿದ್ದರು. ಆಲ್ಬುಕರ್ಕಿಗೆ ವಿಮಾನ ಹತ್ತಿ ಹೋದೆ. ಅಲ್ಲಿನ ಕಾರಿಗೆ ತುಕ್ಕಿನ ಕಾಟವಿಲ್ಲ, ಆದರೆ ಬಿಸಿಲು ಬೇರೆ ರೀತಿ ತಿನ್ನುತ್ತದೆ. ಡ್ಯಾಶ್‌ಬೋರ್ಡ್ ಬಿರಿದಿತ್ತು, ಸೀಟಿನ ಮೇಲ್ಹೊದಿಕೆ ಹೊಲಿಗೆಗುಂಟ ಹರಿದಿತ್ತು, ಬಾಗಿಲ ಸುತ್ತಿನ ರಬ್ಬರು ಮುಟ್ಟಿದರೆ ಪುಡಿಯಾಗುತ್ತಿತ್ತು. ಬಾನೆಟ್ಟಿನ ಮೇಲಿನ ನೀಲಿ ಸವೆದು ಕೆಳಗಿನ ಪ್ರೈಮರ್ ಕಾಣುತ್ತಿತ್ತು. ತಗಡು ಮಾತ್ರ ಎಲ್ಲ ಕಡೆ ಗಟ್ಟಿ. ರಬ್ಬರು, ಸೀಟು ಸರಿಮಾಡಬಹುದು. ಕೊಳೆತ ಕಬ್ಬಿಣ ಸರಿಮಾಡುವುದು ಕಾರಿನ ಬೆಲೆಗಿಂತ ಹೆಚ್ಚಾಗುತ್ತದೆ.

ಚಾಲಕನ ಬಾಗಿಲಿನ ಕೀಲಿನ ಕಂಬದ ಮೇಲೆ ಹತ್ತು ಅಂಕಿಯ ಸಂಖ್ಯೆಯ ಸಣ್ಣ ಪಟ್ಟಿಯಿರುತ್ತದೆ. ಅದರ ಮೂರನೇ ಅಂಕಿ 4, ಅಂದರೆ 1964. ನಾಲ್ಕನೇ ಅಂಕಿ 2, ಅಂದರೆ ಹ್ಯಾಮ್‌ಟ್ರಾಮಿಕ್ ಕಾರ್ಖಾನೆ. ಡೆಟ್ರಾಯಿಟ್ ನಗರದ ಹೊಟ್ಟೆಯೊಳಗೇ ಇರುವ ಪುಟ್ಟ ಊರು ಅದು. ಡಾಡ್ಜ್ ಮೇನ್ ಎಂದೇ ಹೆಸರಾಗಿದ್ದ ಆ ಕಾರ್ಖಾನೆ ಈಗಿಲ್ಲ, 1980ರ ದಶಕದ ಆರಂಭದಲ್ಲಿ ಕೆಡವಿದರು. ನಾನು ವಾಸಿಸುವ ಜಾಗದಿಂದ ಅರ್ಧ ಗಂಟೆಯ ಹಾದಿಯಲ್ಲಿ ಹುಟ್ಟಿದ ಕಾರನ್ನು ಮರುಭೂಮಿಯಿಂದ ವಾಪಸ್ ತರುತ್ತಿದ್ದೇನೆ ಅಂತ ಆಗ ಗೊತ್ತಾಯಿತು. ಮಾಲೀಕತ್ವದ ಕಾಗದಕ್ಕೆ ಇಲ್ಲಿ ಟೈಟಲ್ ಅನ್ನುತ್ತಾರೆ. ಅದರಲ್ಲಿರುವ ಸಂಖ್ಯೆಯನ್ನೂ ಈ ಪಟ್ಟಿಯ ಸಂಖ್ಯೆಯನ್ನೂ ಒಂದೊಂದೇ ಅಂಕಿ ಓದಿ ತಾಳೆ ನೋಡಿದ ಮೇಲೆಯೇ ದುಡ್ಡಿನ ಮಾತು ಆಡಬೇಕು.

ಬರುವ ದಾರಿಯಲ್ಲಿ ಎಸ್ಪಾನ್ಯೋಲಾ ಅನ್ನುವ ಊರು ಸಿಕ್ಕಿತು. ಲೋರೈಡರ್ ಕಾರುಗಳ ರಾಜಧಾನಿ ತಾವೇ ಎಂದು ಆ ಊರಿನವರು ಹೇಳಿಕೊಳ್ಳುತ್ತಾರೆ. ಪೆಟ್ರೋಲ್ ಬಂಕಿನಲ್ಲಿ ಒಂದು 1964ರ ಶೆವ್ರೊಲೆ ಇಂಪಾಲಾ ನಿಂತಿತ್ತು. ನೆಲ ಸವರುವಷ್ಟು ತಗ್ಗು, ಹೈಡ್ರಾಲಿಕ್ ಪಂಪಿನಿಂದ ಮೇಲೆ ಕೆಳಗೆ ಆಡುತ್ತದೆ, ಡಿಕ್ಕಿಯ ಮುಚ್ಚಳದ ತುಂಬಾ ಗ್ವಾಡಲೂಪೆಯ ಮಾತೆಯ (ಮೆಕ್ಸಿಕನ್ನರು ಪೂಜಿಸುವ ಮೇರಿಮಾತೆಯ) ಚಿತ್ರ. ಬಣ್ಣದ ಪದರಗಳು ಎಷ್ಟು ಆಳವೆಂದರೆ ಬಿಸಿಲು ಅದರೊಳಗೆ ಇಳಿದಂತೆ ಕಾಣುತ್ತಿತ್ತು. ಅದನ್ನು ಓಡಿಸುವಾತ ತನ್ನ ತಂದೆ, ಚಿಕ್ಕಪ್ಪ ಸೇರಿ ಶುರುಮಾಡಿದ ಕೆಲಸವನ್ನು ತಾನು ಮುಂದುವರಿಸಿದ್ದೇನೆ ಅಂದರು. ಮೂಲದ ಹಾಗೇ ಇರಬೇಕು ಅನ್ನುವ ನನ್ನ ಅಳತೆಕೋಲು ಅಲ್ಲಿ ನಡೆಯುವುದಿಲ್ಲ. ಮೆಕ್ಸಿಕನ್ ಮೂಲದ ಅಮೆರಿಕನ್ನರು ಎರಡನೇ ಮಹಾಯುದ್ಧದ ನಂತರ ಬೆಳೆಸಿಕೊಂಡು ಬಂದ ಕಲೆ ಅದು. ಕ್ಯಾಲಿಫೋರ್ನಿಯಾದಲ್ಲಿ ಊರೂರು ಈ ಕಾರುಗಳ ನಿಧಾನ ಮೆರವಣಿಗೆಯನ್ನು ನಿಷೇಧಿಸಿದ್ದವು. ಆ ನಿಷೇಧಗಳು 2024ರ ಜನವರಿಯಿಂದ ಕಾನೂನಿನಿಂದಲೇ ತೆಗೆದುಹೋದವು. ಆ ಇಂಪಾಲಾವನ್ನು ಕಾರ್ಖಾನೆಯ ರೂಪಕ್ಕೆ ತರುವುದು ಅಂದರೆ ಒಂದು ಮನೆತನದ ಕೈಕೆಲಸವನ್ನು ಅಳಿಸಿದ ಹಾಗೆ.

ಕಾರು ಲಾರಿಯಲ್ಲಿ ಬಂತು. ಇನ್ಶೂರೆನ್ಸು ಮಾಡಿಸುವಾಗ ಒಂದು ವಿಷಯ ಗಮನಿಸಿ: ಮಾಮೂಲಿ ಪಾಲಿಸಿ ತೆಗೆದುಕೊಂಡರೆ ಅಪಘಾತವಾದಾಗ ಹಳೆಯ ಕಾರು ಅಂತ ಸವಕಳಿ ಕಳೆದು ಚಿಲ್ಲರೆ ಕೊಡುತ್ತಾರೆ. ಮೊದಲೇ ಮಾತಾಡಿಕೊಂಡ ಮೊತ್ತ ಕೊಡುವ ಪಾಲಿಸಿ ಬೇರೆ ಇರುತ್ತದೆ, ಅದನ್ನೇ ಕೇಳಿ. ನಂಬರ್ ಪ್ಲೇಟಿಗೆ ಮಿಶಿಗನ್ನಿನಲ್ಲಿ ಹಳೆಯ ಕಾರುಗಳಿಗೆಂದೇ ಐತಿಹಾಸಿಕ ವಾಹನದ ಪ್ಲೇಟು ಇದೆ. ಅದನ್ನು ಹಾಕಿಕೊಂಡರೆ ಪ್ರದರ್ಶನ, ಮೆರವಣಿಗೆ, ಸಂಘದ ಕೂಟ, ರಿಪೇರಿ ನಂತರದ ಪರೀಕ್ಷೆ ಇಂಥದ್ದಕ್ಕೆ ಮಾತ್ರ ಓಡಿಸಬಹುದು. ಆಗಸ್ಟ್ ತಿಂಗಳು ಮಾತ್ರ ಎಲ್ಲಿಗೆ ಬೇಕಾದರೂ ಹೋಗಬಹುದು. ಕಾರಿನ ಊರಿನ ಕಾನೂನು ಹೀಗಿರುವುದು ನನಗೆ ಬಹಳ ಇಷ್ಟವಾಯಿತು.

ವರ್ಷಗಟ್ಟಲೆ ನಿಂತ ಎಂಜಿನ್ನನ್ನು ಬಂದ ದಿನವೇ ಕೀ ತಿರುಗಿಸಿ ಚಾಲೂ ಮಾಡಲು ಹೋಗಬಾರದು. ಪ್ಲಗ್ಗುಗಳನ್ನು ಬಿಚ್ಚಿ, ಪ್ರತಿ ಸಿಲಿಂಡರಿಗೂ ಸ್ವಲ್ಪ ಎಣ್ಣೆ ಬಿಟ್ಟು, ಒಂದು ರಾತ್ರಿ ಬಿಟ್ಟು, ಸ್ಪಾನರಿನಿಂದ ಕೈಯಲ್ಲೇ ತಿರುಗಿಸಿದೆ. ಹಳಸಿದ ಪೆಟ್ರೋಲು ವಾರ್ನಿಶ್ ವಾಸನೆ ಹೊಡೆಯುತ್ತಿತ್ತು, ಟ್ಯಾಂಕು ಇಳಿಸಿ ತೊಳೆಸಿದೆ. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಇರುವುದರಿಂದ ಹಳೆಯ ರಬ್ಬರ್ ಪೈಪುಗಳು ಮೆತ್ತಗಾಗುತ್ತವೆ, ಎಲ್ಲವನ್ನೂ ಬದಲಿಸಿದೆ. ಚಕ್ರ ಬಿಚ್ಚಲು ಟೈರ್ ಅಂಗಡಿಗೆ ಕೊಟ್ಟಾಗ ಅಲ್ಲಿಯ ಹುಡುಗ ನಟ್ಟು ಬಿಚ್ಚುವ ಗನ್ನು ಹಿಡಿದು ಎಡಗಡೆಯ ನಟ್ಟಿಗೆ ಹಚ್ಚುವುದರಲ್ಲಿದ್ದ, ತಡೆದೆ. ಆ ಕಾಲದ ಕ್ರೈಸ್ಲರ್ ಕಾರುಗಳಲ್ಲಿ ಎಡಬದಿಯ ಚಕ್ರದ ನಟ್ಟುಗಳಿಗೆ ಎಡ ಮರೆ; ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಬೋಲ್ಟಿನ ತುದಿಯಲ್ಲಿ 'ಎಲ್' ಅಂತ ಒತ್ತಿರುತ್ತಾರೆ. ತಿಳಿಯದೆ ಗನ್ನು ಹಚ್ಚಿದರೆ ಬೋಲ್ಟು ಮುರಿದು ಕೈಗೆ ಬರುತ್ತದೆ.

ಬ್ರೇಕಿನ ವಿಷಯದಲ್ಲಿ ಗೆಳೆಯನ ಮಾತಿಗೆ ಬೆಲೆ ಕೊಟ್ಟೆ. 1964ರಲ್ಲಿ ನಾಲ್ಕು ಚಕ್ರಕ್ಕೂ ಒಂದೇ ಮಾಸ್ಟರ್ ಸಿಲಿಂಡರು, ಒಂದೇ ಎಣ್ಣೆಯ ದಾರಿ. ಎಲ್ಲೋ ಒಂದು ಕಡೆ ಪೈಪು ಒಡೆದರೆ ನಾಲ್ಕಕ್ಕೂ ಬ್ರೇಕ್ ಇಲ್ಲ. "ಬಣ್ಣ ನಿನಗೆ ಹೇಗೆ ಬೇಕೋ ಹಾಗಿರ್ಲಿ, ಹಿಂದಿನ ಸೀಟಲ್ಲಿ ಮಕ್ಕಳನ್ನು ಕೂರಿಸ್ತೀಯಲ್ಲ, ಇದನ್ನು ಬದಲು ಮಾಡು," ಅಂದ. ಮುಂದೆ ಹಿಂದೆ ಬೇರೆ ಬೇರೆ ದಾರಿಯಿರುವ ಮಾಸ್ಟರ್ ಸಿಲಿಂಡರು ಹಾಕಿ, ಹೊಸ ಪೈಪು ಎಳೆದೆವು. ಶನಿವಾರಗಳನ್ನೆಲ್ಲ ಅವನು ನನ್ನ ಗ್ಯಾರೇಜಿನಲ್ಲೇ ಕಳೆದ. ಹಳೆಯದನ್ನು ಎಣ್ಣೆ ಹಚ್ಚಿ ಡಬ್ಬದಲ್ಲಿಟ್ಟಿದ್ದೇನೆ, ಮುಂದೆ ಯಾರಿಗಾದರೂ ಬೇಕೆನಿಸಿದರೆ ವಾಪಸ್ ಹಾಕಬಹುದು. ತೂತು ಕೊರೆಯದೆ, ತಗಡು ಕತ್ತರಿಸದೆ, ಹಿಂದಕ್ಕೆ ತರುವಂಥ ಬದಲಾವಣೆ ಮಾತ್ರ ಮಾಡುವುದು ಎಂದು ನಾನು ಗೆರೆ ಹಾಕಿಕೊಂಡದ್ದು ಆಗಲೇ.

ಈ ಕಾರಿನಲ್ಲಿ ನನಗೆ ಎಲ್ಲಕ್ಕಿಂತ ಪ್ರೀತಿ ಅದರ ಎಂಜಿನ್ನಿನ ಮೇಲೆ. ಸ್ಲ್ಯಾಂಟ್ ಸಿಕ್ಸ್ ಅನ್ನುತ್ತಾರೆ. ಆರು ಸಿಲಿಂಡರುಗಳ ಸಾಲು ನೆಟ್ಟಗೆ ನಿಲ್ಲದೆ 30 ಡಿಗ್ರಿ ಬಲಕ್ಕೆ ವಾಲಿದೆ. ಹೀಗೆ ವಾಲಿಸಿದ್ದರಿಂದ ಬಾನೆಟ್ಟು ತಗ್ಗಾಯಿತು, ಪಕ್ಕದಲ್ಲಿ ಉದ್ದದ ಮ್ಯಾನಿಫೋಲ್ಡ್ ಕೊಳವೆಗಳಿಗೆ ಜಾಗವೂ ಸಿಕ್ಕಿತು. ನನ್ನದು 225 ಘನ ಅಂಗುಲದ್ದು, ಆಗಿನ ಲೆಕ್ಕದಲ್ಲಿ 145 ಅಶ್ವಶಕ್ತಿ. ಇದರ ಟ್ಯಾಪೆಟ್ಟುಗಳನ್ನು ಆಗಾಗ ಸೆಟ್ ಮಾಡಬೇಕು, ಅದೂ ಎಂಜಿನ್ನು ಪೂರ್ತಿ ಬಿಸಿಯಾದ ಮೇಲೆ. ಒಳಬರುವ ವಾಲ್ವಿಗೆ 10 ಥೌ ಸಂದಿ, ಹೊರಹೋಗುವ ವಾಲ್ವಿಗೆ 20 ಥೌ; ಥೌ ಅಂದರೆ ಅಂಗುಲದ ಸಾವಿರದಲ್ಲೊಂದು ಭಾಗ. ಎಂಜಿನ್ನನ್ನು ನಿಧಾನಕ್ಕೆ ಓಡುತ್ತಿರಲು ಬಿಟ್ಟು, ಕುಣಿಯುವ ರಾಕರಿನ ಸಂದಿಗೆ ಫೀಲರ್ ಗೇಜ್ ಎಂಬ ತೆಳು ಅಳತೆಪಟ್ಟಿ ತೂರಿಸಿ, ಹಗುರಾಗಿ ಹಿಡಿದೆಳೆಯುವ ಬಿಗಿ ಸಿಗುವವರೆಗೂ ಸ್ಕ್ರೂ ತಿರುಗಿಸುವುದು. ಇದನ್ನು ನನಗೆ ಕಲಿಸಿದ್ದು ನಮ್ಮ ಬೀದಿಯ ಒಬ್ಬ ಹಿರಿಯರು. ನಿವೃತ್ತರಾಗುವವರೆಗೂ ಎಂಜಿನ್ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಅವರು ಗೇಜನ್ನು ನೋಡುತ್ತಲೇ ಇರಲಿಲ್ಲ, ಸದ್ದು ಕೇಳುತ್ತಿದ್ದರು. ಟಿಕ್ ಟಿಕ್ ಸದ್ದು ಪೂರ್ತಿ ಹೋದರೆ ವಾಲ್ವು ಸುಡುತ್ತದೆ, ಸ್ವಲ್ಪ ಸದ್ದು ಮಾಡುತ್ತಲೇ ಇರಲಿ ಅನ್ನುತ್ತಿದ್ದರು.

ಗೇರಿಗೆ ಕಡ್ಡಿಯಿಲ್ಲ, ಡ್ಯಾಶ್‌ಬೋರ್ಡಿನ ಎಡಕ್ಕೆ ಗುಂಡಿಗಳು. ರಿವರ್ಸ್, ನ್ಯೂಟ್ರಲ್, ಡ್ರೈವ್, ಎರಡು, ಒಂದು. ಕ್ರೈಸ್ಲರ್ ಈ ಗುಂಡಿಗಳನ್ನು ಇಟ್ಟ ಕೊನೆಯ ವರ್ಷ 1964. ಒತ್ತಿದಾಗ ಒಳಗಿನ ಕೇಬಲ್ಲು ಸರಿಯುವುದು ಬೆರಳಿಗೆ ಗೊತ್ತಾಗುತ್ತದೆ. ನನ್ನ ಮಗಳಿಗೆ ಕಾರಿನಲ್ಲಿ ಹಿಡಿಸಿದ್ದು ಇದೊಂದೇ.

ಮೊದಲು ಹೋದದ್ದು ಡಿಯರ್‌ಬಾರ್ನ್‌ನ ಗ್ರೀನ್‌ಫೀಲ್ಡ್ ವಿಲೇಜಿನಲ್ಲಿ ಜೂನ್ ತಿಂಗಳಲ್ಲಿ ನಡೆಯುವ ಹಳೆ ಕಾರುಗಳ ಪ್ರದರ್ಶನ ಮೋಟರ್ ಮಸ್ಟರ್‌ಗೆ. 1930ರ ದಶಕದಿಂದ 1970ರ ದಶಕದವರೆಗಿನ ಕಾರುಗಳಿಗೆ ಅಲ್ಲಿ ಜಾಗ. ನನ್ನ ಪಕ್ಕದಲ್ಲಿ ನಿಂತದ್ದು 1965ರ ಮಸ್ಟಾಂಗ್, ಆಚೆ 1964ರ ಪ್ಲಿಮತ್ ಬ್ಯಾರಕುಡಾ. ಮಸ್ಟಾಂಗ್ ಬಂದದ್ದು 1964ರ ಏಪ್ರಿಲ್ 17ಕ್ಕೆ. ಬ್ಯಾರಕುಡಾ ಅದಕ್ಕೂ ಮೊದಲು, ಏಪ್ರಿಲ್ 1ರಂದೇ ಬಂದಿತ್ತು. ಆ ಬ್ಯಾರಕುಡಾದ ಮೈ ಅರ್ಧಕ್ಕರ್ಧ ವ್ಯಾಲಿಯಂಟ್‌ನದ್ದೇ, ಹಿಂದೆ ದೊಡ್ಡ ಗಾಜು ಸೇರಿಸಿದ್ದರು. ಜನ ಮಸ್ಟಾಂಗಿನ ಸುತ್ತ ಮುತ್ತಿಕೊಂಡರು, ಬ್ಯಾರಕುಡಾದ ಗಾಜಿನ ಫೋಟೊ ತೆಗೆದರು. ನನ್ನ ಕಾರಿನ ಹತ್ತಿರ ಬಂದವರು ಕಡಿಮೆ. ಆದರೆ ಬಂದವರು ಬೇಗ ಹೋಗಲಿಲ್ಲ. "ನಮ್ಮಮ್ಮನ ಹತ್ತಿರ ಇದೇ ಇತ್ತು," ಅನ್ನುತ್ತಿದ್ದರು. ಹಿಂದಿನ ಬಾಗಿಲು ತೆರೆಯಲು ಅನುಮತಿ ಕೇಳುತ್ತಿದ್ದರು, ತಾವು ಕೂರುತ್ತಿದ್ದ ಜಾಗದಲ್ಲಿ ಕೂತು ನೋಡುತ್ತಿದ್ದರು. ಮಸ್ಟಾಂಗಿನ ಹತ್ತಿರ ಬಂದವರು ತಮಗೆ ಬೇಕಾಗಿದ್ದ ಕಾರಿನ ಮಾತಾಡುತ್ತಿದ್ದರು, ನನ್ನ ಹತ್ತಿರ ಬಂದವರು ತಮ್ಮಲ್ಲಿ ಇದ್ದ ಕಾರಿನ ಮಾತಾಡುತ್ತಿದ್ದರು. ಇಡೀ ರುಚಿಯ ಜಗಳ ಇಲ್ಲೇ ಇದೆ ಅಂತ ನನಗೆ ಅನಿಸುತ್ತದೆ. ಕನಸಿನ ಕಾರು ಬೇಕಾದವರು ಅದನ್ನು ಇನ್ನಷ್ಟು ಕನಸಿನ ಹಾಗೆ ಮಾಡಿಕೊಳ್ಳುತ್ತಾರೆ. ಇದ್ದ ಕಾರು ಬೇಕಾದವರಿಗೆ ಸೀಟಿನ ಹೊಲಿಗೆಯೂ ಅದೇ ಆಗಿರಬೇಕು.

ಆಗಸ್ಟಿನ ಮೂರನೇ ಶನಿವಾರ ಬಂದಾಗ ವುಡ್‌ವರ್ಡ್ ರಸ್ತೆಗೂ ಹೋದೆವು. ಫರ್ನ್‌ಡೇಲಿನ ಸಾಕರ್ ಮೈದಾನಕ್ಕೆ ಹಣ ಕೂಡಿಸಲು 1995ರಲ್ಲಿ ಶುರುವಾದ ಡ್ರೀಮ್ ಕ್ರೂಸ್ ಎಂಬ ಹಳೆ ಕಾರುಗಳ ಮೆರವಣಿಗೆ ಈಗ ಪಾಂಟಿಯಾಕ್‌ವರೆಗೆ ಹರಡಿಕೊಂಡಿದೆ. ಕಮಾರೊ ಮುಂದೆ, ವ್ಯಾಲಿಯಂಟ್ ಹಿಂದೆ. ಆ ದಟ್ಟಣೆಯಲ್ಲಿ 430 ಅಶ್ವಶಕ್ತಿಗೂ 145ಕ್ಕೂ ವೇಗ ಒಂದೇ.

ನನ್ನ ಮನಸ್ಸಿನಲ್ಲಿರುವ ಚಿಂತೆ ಬೇರೆ. ಗೆಳೆಯನ 1969ರ ಕಮಾರೊಗೆ ಇಡೀ ಮೈಯನ್ನೇ ಹೊಸದಾಗಿ ಒತ್ತಿ ಮಾರುವ ಕಂಪನಿಗಳಿವೆ. ಬಾಗಿಲು, ಬಾನೆಟ್ಟು, ರಬ್ಬರು, ದೀಪ ಎಲ್ಲ ಹೊಸದು ಸಿಗುತ್ತದೆ. ಕೊಳ್ಳುವವರು ಇದ್ದಾರೆ, ತಯಾರಿಸುತ್ತಾರೆ. ನಾಲ್ಕು ಬಾಗಿಲಿನ ವ್ಯಾಲಿಯಂಟ್‌ನ ಹಿಂದಿನ ಬಾಗಿಲ ಕಿಟಕಿಯ ರಬ್ಬರು ಮಾಡುವವರು ನನಗೆ ಸಿಕ್ಕಿಲ್ಲ. ಅದಕ್ಕಿಂತ ಕೆಟ್ಟದ್ದು, ಎರಡು ಬಾಗಿಲಿನ ಕಾರು ಉಳಿಸಲು ನಾಲ್ಕು ಬಾಗಿಲಿನದ್ದನ್ನು ಬಿಡಿಭಾಗಕ್ಕಾಗಿ ಒಡೆಯುತ್ತಾರೆ. ಮುಂದಿನ ಮಡ್‌ಗಾರ್ಡು, ಗ್ರಿಲ್ಲು, ಎಂಜಿನ್ನು ತೆಗೆದುಕೊಂಡು ಉಳಿದದ್ದನ್ನು ಗುಜರಿಗೆ ಹಾಕುತ್ತಾರೆ. ಸಾವಿರಾರು ಸಂಸಾರಗಳು ಕೆಲಸಕ್ಕೆ, ಶಾಲೆಗೆ, ಚರ್ಚಿಗೆ ಹೋಗಿ ಬಂದ ಕಾರುಗಳೇ ಈಗ ಸಿಗುವುದು ಅಪರೂಪವಾಗುತ್ತಿವೆ. ಧರ್ಮಸ್ಥಳದ ಕಾರು ಸಂಗ್ರಹ ನೋಡಿದವರಿಗೆ ಗೊತ್ತು, ಅಲ್ಲಿ ಮಂದಿ ಹೆಚ್ಚು ಹೊತ್ತು ನಿಲ್ಲುವುದು ದೊಡ್ಡ ಕಾರಿನ ಮುಂದೆ ಮಾತ್ರವಲ್ಲ, ತಮ್ಮ ಊರಿನಲ್ಲಿ ಓಡುತ್ತಿದ್ದ ಕಾರಿನ ಮುಂದೆಯೂ. ಹಾಗಾಗಿ ಆಸೆಯಿದ್ದವರಿಗೆ ನನ್ನ ಸಲಹೆ ಇಷ್ಟೇ: ನಾಲ್ಕು ಬಾಗಿಲಿನದ್ದು ಸಿಕ್ಕರೆ ನೋಡಿ, ತಗಡು ಗಟ್ಟಿಯಿದ್ದರೆ ತಗೊಳ್ಳಿ, ಬೆಲೆಯೂ ಎರಡು ಬಾಗಿಲಿನದ್ದಕ್ಕಿಂತ ಬಹಳ ಕಡಿಮೆ.

ಅಕ್ಟೋಬರಿನಲ್ಲಿ ಪೆನ್ಸಿಲ್ವೇನಿಯಾದ ಹರ್ಶಿಯಲ್ಲಿ ಎಎಸಿಎಯ ದೊಡ್ಡ ಸಂತೆ ನಡೆಯುತ್ತದೆ. ಹಳೆಯ ಕಾರಿನ ಬಿಡಿಭಾಗಗಳನ್ನು ಬಯಲು ತುಂಬಾ ಹರಡಿಕೊಂಡು ಕೂರುತ್ತಾರೆ. ಪುತ್ತೂರಿನ ಗೆಳೆಯ ತನ್ನ ಕಾರಿಗೆ ಅಲ್ಲಿ ಏನೂ ಬೇಡ ಅಂತ ಗೊತ್ತಿದ್ದರೂ ಈ ಸಲ ನನ್ನ ಜೊತೆ ಬರುತ್ತಿದ್ದಾನೆ. ಹಿಂದಿನ ಬಾಗಿಲ ರಬ್ಬರಿನ ಅಳತೆಯನ್ನು ಕಾಗದದ ಮೇಲೆ ಅವನೇ ಬರೆದುಕೊಂಡಿದ್ದಾನೆ. ಓಹಾಯೋದಲ್ಲಿ ಇನ್ನೊಬ್ಬರಿಗೂ ಇದೇ ರಬ್ಬರು ಬೇಕಾಗಿದೆ, ಸಿಕ್ಕರೆ ಎರಡು ಜೊತೆ ತರಬೇಕು.